ಸಿತಾನಳ ಬೋಗುಣಿಗಳು

ನಮ್ಮ ಸಿಬುಗು ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಸಿತಾನಳ ಬೋಗುಣಿಗಳು ಹೋಗುತ್ತವೆ. ಸಿತಾನಳಿಗೆ ಮದುವೆಯಾಗಿಲ್ಲ, ಅವಳ ಬೋಗುಣಿಗಳಿಗೆ ಮಾತ್ರ ಇಪ್ಪತ್ತು ಸಲವಾದರೂ ಆಗಿದೆ. ಈ ಮಾತನ್ನು ಮೊದಲು ಆಡಿದವಳು ಅವಳೇ. ಆಡಿ ನಕ್ಕಳು. ನಾನು ನಗಲಿಲ್ಲ. ಊರಿನಲ್ಲಿ ಯಾರು ನಕ್ಕರೂ ನಡೆಯುತ್ತದೆ, ನಾನು ನಗುವ ಹಾಗಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ನನ್ನ ಹೆಸರು ಕಾನಿ. ನಾನು ತ್ರಾವೊರೆ ಮನೆತನ, ಸಿತಾನ್ ಜಾರಾ ಮನೆತನ. ಈ ಎರಡು ಮನೆತನದವರು ಎದುರುಬದುರಾದರೆ ಒಬ್ಬರನ್ನೊಬ್ಬರು ಹಂಗಿಸಲೇಬೇಕು, ಹಂಗಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಮುತ್ತಾತಂದಿರ ಕಾಲದಿಂದ ಬಂದ ಕಟ್ಟು ಅದು. ಸಾವಿನ ಮನೆಯಲ್ಲೂ ಬಿಡುವುದಿಲ್ಲ. ನಾವಿಬ್ಬರೂ ಒಂದೇ ಬಾವಿಯ ನೀರು ಸೇದುತ್ತ ಬೆಳೆದವರು, ದಿನಾ ಬೆಳಗಾದರೆ ಇದೇ ಪಾಠ.

"ಏ ಅಲಸಂದೆ ತಿನ್ನೋಳೇ, ನಿನ್ನೆ ನಿಮ್ಮನೇಲಿ ಎಷ್ಟು ತಿಂದ್ರೇ? ವಾಸನೆ ನಮ್ಮ ಕಣಜದ ತನಕ ಬಂತು," ಅನ್ನುತ್ತಿದ್ದಳು ಸಿತಾನ್.

"ನೀನು ನನ್ನ ಆಳು ಕಣೇ. ಆಳು ಮಾತಾಡಬಾರ್ದು, ನೀರು ಸೇದು."

"ನಾನಾ ಆಳು? ನಿಮ್ಮಜ್ಜನ್ನ ನಮ್ಮಜ್ಜ ಒಂದು ಬುಟ್ಟಿ ಅಲಸಂದೆಗೆ ಕೊಂಡ್ಕೊಂಡಿದ್ದ, ಕೇಳ್ಕೊಂಡ್ ಬಾ ಹೋಗು."

ಹೀಗೆ ಹಂಗಿಸಿಕೊಳ್ಳುತ್ತಲೇ ಕೊಡ ತುಂಬುತ್ತಿತ್ತು. ಅವಳ ನಾಲಿಗೆ ನನಗಿಂತ ಚುರುಕು. ಕೈ ಅದಕ್ಕಿಂತ ಚುರುಕು. ಒನಕೆ ಹಿಡಿದರೆ ಕುಟ್ಟುವ ನಡುವೆ ಒನಕೆಯನ್ನು ಮೇಲಕ್ಕೆ ಎಸೆದು, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೆ ಹಿಡಿಯುತ್ತಿದ್ದಳು. ಅದನ್ನು ನೋಡುವುದಕ್ಕೆಂದೇ ಸುಂಗಾಲೊ ಎಂಬ ಹುಡುಗ ತನ್ನ ಕತ್ತೆಯನ್ನು ಅವರ ಅಂಗಳದ ಪಕ್ಕ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದ.

ಇನ್ನು ಈ ಬೋಗುಣಿಯ ಪುರಾಣ. ಮದುವೆಯ ದಿನ ಹೆಣ್ಣಿನ ಸಾಮಾನು ಹೆಂಗಸರ ತಲೆ ಏರಿ ಗಂಡನ ಮನೆಗೆ ಹೋಗುತ್ತದೆ. ಹೊದಿಕೆ, ಉಡುವ ಬಟ್ಟೆ, ಸೋಪು ಎಲ್ಲ ಇದ್ದೇ ಇರುತ್ತವೆ, ಆದರೆ ಊರಿನ ಕಣ್ಣೆಲ್ಲ ಕೆಂಪು ಹೂವಿನ ಎನಾಮಲ್ ಬೋಗುಣಿಯ ಮೇಲೆ. ಗಂಡನ ಅಂಗಳದಲ್ಲಿ ಒಂದರೊಳಗೊಂದು ಪೇರಿಸಿ ನಿಲ್ಲಿಸುತ್ತಾರೆ. ಕಮ್ಮಾರರ ಮನೆಯ ಮುದುಕಿ ಒಂದೊಂದನ್ನೇ ಮುಟ್ಟಿ ಗಂಟಲು ಹರಿಯುವಂತೆ ಕೂಗಿ ಎಣಿಸುತ್ತಾಳೆ. ಆಮೇಲೆ ಅವು ಸೊಸೆಯ ಕೋಣೆಯ ಗೋಡೆಗೆ ಒರಗಿ ನಿಂತವು ಅಂದರೆ ಅವಳು ಸಾಯುವ ತನಕ ಅಲ್ಲೇ. ಅವುಗಳಲ್ಲಿ ಯಾರೂ ನೀರು ಹಾಕುವುದಿಲ್ಲ, ಸಜ್ಜೆ ತೊಳೆಯುವುದಿಲ್ಲ, ಮಗುವನ್ನು ಕೂರಿಸಿ ಮೀಯಿಸುವುದಿಲ್ಲ. ಈ ನೀರು ಕಾಣದ ಬೋಗುಣಿಗಾಗಿ ನಾವು ಹದಿಮೂರನೆಯ ವಯಸ್ಸಿಗೆ ಬಾಮಾಕೊ ಪಟ್ಟಣಕ್ಕೆ ಹೋಗಿ, ಯಾರದೋ ಮನೆಗೆ ನೀರು ಹೊತ್ತು, ಯಾರದೋ ಮಕ್ಕಳನ್ನು ಮೀಯಿಸಿ ಬರುತ್ತೇವೆ.

ಸಜ್ಜೆ ಕಣಜ ಸೇರಿದ ಮೇಲೆ ಟ್ರಕ್ಕು ಹತ್ತುವುದು, ಮೊದಲ ಮಳೆ ಬಿದ್ದಾಗ ಬಿತ್ತನೆಗೆ ವಾಪಸ್ಸು. ಮೊದಲ ಸಲ ನಾವಿಬ್ಬರೂ ಕಡಲೆಕಾಯಿ ಮೂಟೆಗಳ ಮೇಲೆ ಕೂತು ಹೋದೆವು. ಊರಿನ ಗಡಿ ದಾಟುವ ತನಕ ಹಾಡಿದೆವು, ಗಡಿ ದಾಟಿದ ಮೇಲೆ ವಾಂತಿ ಮಾಡಿದೆವು. ಒಂದೇ ಬೀದಿಯಲ್ಲಿ ಎರಡು ಮನೆ ಸಿಕ್ಕವು. ಸಿತಾನಳಿಗೆ ಸಿಕ್ಕ ಮನೆಯ ಯಜಮಾನಿ ಮೊದಲ ದಿನವೇ ಹೇಳಿದಳಂತೆ, "ನಿನ್ನ ಹೆಸರು ಬಿಂತು."

"ಇಲ್ಲಮ್ಮಾ, ನಾನು ಸಿತಾನ್."

"ನಮ್ಮನೇಲಿ ಕೆಲಸದೋಳ ಹೆಸರು ಯಾವಾಗ್ಲೂ ಬಿಂತು. ವರ್ಷವರ್ಷ ಹೊಸಾ ಹೆಸರು ಯಾರು ಕಲೀತಾರೆ?"

ಮೂರು ವರ್ಷ ಅವಳು ಬಿಂತುವಾಗಿದ್ದಳು. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವುದು, ಬೆನ್ನಿಗೆ ಅವರ ಕೂಸು, ಮಲಗಲು ಅಡುಗೆಮನೆಯ ಮುಂದಿನ ಓಣಿ, ಊಟಕ್ಕೆ ಪಾತ್ರೆಯ ತಳ ಹಿಡಿದ ಅನ್ನ. ನನಗೂ ಅದೇ. ನಾವು ಊರಿನಲ್ಲಿ ಆಳು ಆಳು ಅಂತ ಹಂಗಿಸಿಕೊಳ್ಳುತ್ತಿದ್ದೆವಲ್ಲ, ಆ ಊರಿನಲ್ಲಿ ಅದೇ ಮಾತನ್ನು ನಗದೆ ಹೇಳುತ್ತಿದ್ದರು. ಸಂಜೆ ನಲ್ಲಿಯ ಹತ್ತಿರ ಸಿಕ್ಕಾಗ ನಾವು ಆ ಪದ ಬಿಟ್ಟು ಬರೀ ಅಲಸಂದೆಯಲ್ಲೇ ಹಂಗಿಸಿಕೊಳ್ಳುತ್ತಿದ್ದೆವು.

ದುಡಿದದ್ದೆಲ್ಲ ಪೇಟೆಯಲ್ಲಿ ಬೋಗುಣಿಯಾಗುತ್ತಿತ್ತು. ಎಲ್ಲರವೂ ಒಂದೇ ಥರ, ಒಂದೇ ಕೆಂಪು ಹೂ. ಅದಕ್ಕೆ ಸಿತಾನ್ ಗುರುತು ಹಾಕಿದಳು. ಯಜಮಾನಿ ಎಸೆದ ಉಗುರು ಬಣ್ಣದ ಸೀಸೆಯಲ್ಲಿ ತಳದ ಗಸಿ ಉಳಿದಿತ್ತು. ಕಡ್ಡಿ ಅದ್ದಿ ಪ್ರತಿ ಬೋಗುಣಿಯ ಅಡಿಯಲ್ಲಿ ಮೂರು ಚುಕ್ಕೆ.

"ಮೂರೇ ಯಾಕೇ?" ಅಂತ ಕೇಳಿದೆ.

"ಒಂದು ನಾನು, ಒಂದು ಸುಂಗಾಲೊ, ಇನ್ನೊಂದು ಹುಟ್ಟೋದು," ಅಂದಳು. ನಾಚಿಕೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

ತಂದ ಸಾಮಾನನ್ನು ಅವ್ವನ ಕೈಗೆ ಕೊಟ್ಟರೆ ಮುಗಿಯಿತು. ಅವ್ವ ಒಳಗಿನ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾಳೆ. ಮದುವೆಯ ದಿನದ ತನಕ ಹುಡುಗಿ ಅದನ್ನು ಮುಟ್ಟುವ ಹಾಗಿಲ್ಲ, ಎಣಿಸುವ ಹಾಗಿಲ್ಲ. ಮುಟ್ಟಿದರೆ ಮದುವೆ ಮುರಿಯುತ್ತದೆ ಅಂತ ನಮಗೆ ಹೆದರಿಸಿದ್ದರು. ಎಷ್ಟು ಜಾಣತನದಿಂದ ಹೆದರಿಸಿದ್ದರು ಅಂತ ಆಮೇಲೆ ತಿಳಿಯಿತು.

ಮೂರನೆಯ ವರ್ಷ ಇಬ್ಬರಿಗೂ ಮದುವೆ ಗೊತ್ತಾಯಿತು. ನನ್ನದು ಮೊದಲು, ಅವಳದು ಹದಿನೈದು ದಿನದ ಮೇಲೆ. ಸುಂಗಾಲೊನ ಮನೆಯಿಂದ ಹೆಣ್ಣು ಕೇಳುವ ಕೋಲಾ ಕಾಯಿ ಬಂದು ಅವಳಪ್ಪ ತೆಗೆದುಕೊಂಡಾಗಿತ್ತು. "ಇನ್ನು ಆ ಊರಿನ ಮುಖ ನೋಡಲ್ಲ ಕಣೇ ಕಾನಿ," ಅಂದಿದ್ದಳು. "ಆ ಬಿಂತು ಸತ್ತಳು. ಇನ್ನೇನಿದ್ರೂ ಸಿತಾನ್."

ನನ್ನ ಮದುವೆಯ ದಿನ ನಾನು ಮುಸುಕು ಹೊದ್ದು ಒಳಗೆ ಕೂತಿದ್ದೆ. ಹೊರಗೆ ಕಮ್ಮಾರರ ಮುದುಕಿ ಎಣಿಸುವುದು ಕೇಳುತ್ತಿತ್ತು. ನಾನು ತಂದದ್ದು ಇಪ್ಪತ್ತಾರು ಅಂತ ನನಗೆ ನೆನಪಿತ್ತು. ಮುದುಕಿ ಇಪ್ಪತ್ತಾರು ದಾಟಿದಳು. ಮೂವತ್ತು ದಾಟಿದಳು. ನಲವತ್ತನಾಲ್ಕಕ್ಕೆ ನಿಂತಳು. ಹೆಂಗಸರು ಹೋ ಅಂತ ಕೂಗಿದರು. ಅಕ್ಕಂದಿರು, ಚಿಕ್ಕಮ್ಮಂದಿರು ಸೇರಿಸಿರಬೇಕು ಅಂದುಕೊಂಡು ಮುಸುಕಿನೊಳಗೇ ಹಿಗ್ಗಿದೆ. ಆ ಹಿಗ್ಗು ಇನ್ನೂ ನೆನಪಿದೆ. ಹದಿನಾರು ವರ್ಷಕ್ಕೆ ಮೊದಲ ಸಲ ಊರು ನನ್ನ ಹೆಸರು ಹಿಡಿದು ಕೂಗಿತ್ತು.

ಸಿತಾನ್ ಹೊರಗೆ ನಿಂತು ಎಣಿಸಿದ್ದಳು. ತಾನು ತಂದದ್ದು ಇಪ್ಪತ್ತೊಂಬತ್ತು ಅಂತ ಅವಳಿಗೆ ಗೊತ್ತಿತ್ತು. ಒಂದೇ ಬೀದಿಯಲ್ಲಿ, ಅಷ್ಟೇ ವರ್ಷ ದುಡಿದವಳು ಕಾನಿ, ಇವಳಿಗೆ ನಲವತ್ತನಾಲ್ಕು ಹೇಗಾಯಿತು? ಬೋಗುಣಿಗಳೆಲ್ಲ ಒಂದರೊಳಗೊಂದು ಕೂತಿದ್ದವು, ಅಡಿ ಯಾರಿಗೂ ಕಾಣುತ್ತಿರಲಿಲ್ಲ. ಸಿಂಬಿಯ ಮೇಲೆ ಕೂರುವ ಕೆಳಗಿನ ಬೋಗುಣಿ ಮಾತ್ರ ಹೆಣ್ಣಿನದೇ ಇರಬೇಕು ಅಂತ ಹೆಂಗಸರ ಲೆಕ್ಕ, ಅದು ನನ್ನದೇ ಇತ್ತು.

ಮಾರನೆಯ ದಿನ ಅವಳು ಅಪ್ಪನ ಮುಂದೆ ನಿಂತು ಮದುವೆ ಒಂದು ವರ್ಷ ಮುಂದೆ ಹಾಕಿ ಅಂದಳು. ಸುಂಗಾಲೊ ಓಡಿ ಬಂದ.

"ನಂಗೆ ಬೋಗುಣಿ ಬೇಕು ಅಂತ ಯಾವತ್ತು ಕೇಳ್ದೆನೇ? ನಾನೇನು ಬೋಗುಣೀಲಿ ಮಲಗ್ತೀನಾ?"

"ನೀನು ಕೇಳ್ಲಿಲ್ಲ. ನಿಮ್ಮವ್ವ ಕೇಳ್ತಾಳೆ. ನಿಮ್ಮತ್ತಿಗೆ ಕೇಳ್ತಾಳೆ. ಕಾನಿಗೆ ನಲವತ್ನಾಕಂತೆ, ಇವಳು ಮೂರು ವರ್ಷ ಪೇಟೇಲಿ ಏನು ಮಾಡ್ತಿದ್ಲೋ ಅಂತಾರೆ. ಸಾಯೋ ತನಕ ಅಂತಾರೆ."

"ಅಂದ್ಕೊಳ್ಳಿ ಬಿಡು."

"ನೀನು ಹೊಲಕ್ಕೆ ಹೋಗ್ತೀಯ. ಅದನ್ನ ಕೇಳಿಸ್ಕೊಂಡು ಒಲೆ ಮುಂದೆ ಕೂರೋಳು ನಾನು. ಒಂದೇ ಒಂದು ವರ್ಷ, ಮಳೆಗಾಲಾನೂ ಅಲ್ಲೇ ಇರ್ತೀನಿ. ನಲವತ್ತೈದು ಮಾಡ್ಕೊಂಡು ಬರ್ತೀನಿ."

ನಾನು ಮದುಮಗಳ ಕೋಣೆಯಲ್ಲಿ ಏಳು ದಿನ ಕೂತು ಎದ್ದೆ. ಏಳನೆಯ ದಿನ ಮಧ್ಯಾಹ್ನ, ಗಂಡಸರೆಲ್ಲ ಮರದಡಿ ಮಲಗಿದ್ದಾಗ, ನನ್ನ ಅವ್ವ, ನನ್ನ ಅತ್ತೆ ಮತ್ತು ಇನ್ನಿಬ್ಬರು ಒಳಗೆ ಬಂದು ಬಾಗಿಲು ಎಳೆದುಕೊಂಡರು. ನನ್ನ ರಾಶಿಯನ್ನು ಬಿಡಿಸಿ ಹದಿನೆಂಟು ಬೋಗುಣಿಗಳನ್ನು ತೆಗೆದು ಕೊಳೆ ಬಟ್ಟೆಯ ಗಂಟಿನಲ್ಲಿ ಕಟ್ಟತೊಡಗಿದರು.

"ಇದೆಲ್ಲಿಗೆ?" ಅಂದೆ.

ಅತ್ತೆ ನಕ್ಕಳು. "ಬಂದಲ್ಲಿಗೇ. ನೀನೀಗ ಮದುವೆಯಾದೋಳು, ನಿಂಗೆ ಹೇಳ್ಬೋದು. ಎಲ್ಲರ ರಾಶೀನೂ ಹಿಂಗೇ ಕಣಮ್ಮ ಎತ್ತರ ಆಗೋದು. ಇವತ್ತು ಅವರದ್ದು ನಿಂಗೆ, ನಾಳೆ ನಿಂದು ಇನ್ನೊಬ್ಳಿಗೆ. ನಂಗೂ ಹಿಂಗೇ ಮಾಡಿದ್ರು, ನಮ್ಮತ್ತೆಗೂ ಹಿಂಗೇ. ಗಂಡಸರಿಗೆ ಹೇಳಂಗಿಲ್ಲ, ಮದುವೆಯಾಗದ ಹುಡುಗೀರಿಗೆ ಅಂತೂ ಹೇಳ್ಲೇಬಾರ್ದು."

"ಯಾಕೆ?"

"ಹೇಳಿದ್ರೆ ಅವರು ಪೇಟೆಗೆ ಹೋಗ್ತಾರಾ?"

ಒಂದು ಬೋಗುಣಿಯನ್ನು ತಿರುಗಿಸಿದೆ. ಅಡಿಯಲ್ಲಿ ಮೂರು ಕೆಂಪು ಚುಕ್ಕೆ. ಇನ್ನೊಂದು ತಿರುಗಿಸಿದೆ, ಅದರಲ್ಲೂ ಮೂರು. ಹದಿನೆಂಟೂ ಅವಳವೇ. ಸಿತಾನಳ ಅವ್ವ ಸಾನಾಬಾ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದಳು, ಮಗಳ ಗೆಳತಿ, ಮಗಳ ಸರದಿಗೆ ಇವರೂ ಕೊಡುತ್ತಾರೆ ಅಂತ. ಸಿತಾನ್ ನನ್ನ ಅಂಗಳದಲ್ಲಿ ನಿಂತು ಯಾವ ರಾಶಿ ನೋಡಿ ನಾಚಿಕೆಪಟ್ಟಳೋ ಅದರಲ್ಲಿ ಹದಿನೆಂಟು ಅವಳವೇ ಆಗಿದ್ದವು. ಅವಳು ತನ್ನನ್ನೇ ಹಿಂದೆ ಹಾಕಲು ಹೊರಟಿದ್ದಳು. ಮಗಳು ಮದುವೆ ಮುಂದೆ ಹಾಕಿದಾಗ ಆ ಅವ್ವ ಯಾಕೆ ಬಾಯಿ ಬಿಡಲಿಲ್ಲ ಅಂತ ನೀವು ಕೇಳಬಹುದು. ಬಿಟ್ಟರೆ ಎಲ್ಲ ಹೆಂಗಸರ ಬಾಯಿಗೂ ತುತ್ತಾಗಬೇಕಿತ್ತು. ಒಂದು ವರ್ಷ ತಾನೇ, ಹೋಗಿ ಬರಲಿ, ಇನ್ನಷ್ಟು ಬೋಗುಣಿ ಆಗುತ್ತದೆ ಅಂದುಕೊಂಡಳು.

ಅವಳಿಗಾದರೂ ಆ ನೆಪವಿತ್ತು. ನನಗೆ?

ಹೊರಡುವ ದಿನ ಬೆಳಿಗ್ಗೆ ಸಿತಾನ್ ನನ್ನನ್ನು ನೋಡಲು ಬಂದಳು. ಹೊಸ ಮದುಮಗಳಾದ ನಾನು ಒಳ್ಳೆ ಬಟ್ಟೆ ಉಟ್ಟು, ಕೈಗೆ ಗೋರಂಟಿ ಹಚ್ಚಿಕೊಂಡು ಚಾಪೆಯ ಮೇಲೆ ಕೂತಿದ್ದೆ. ಉಳಿದ ಇಪ್ಪತ್ತಾರು ಬೋಗುಣಿಗಳ ಮೇಲೆ ಅತ್ತೆ ಹೊದಿಕೆ ಮುಚ್ಚಿ, ಕೆಳಗೆ ಮೂಟೆ ಇಟ್ಟು, ನಲವತ್ತನಾಲ್ಕೇ ಇವೆ ಅನ್ನುವ ಹಾಗೆ ಮಾಡಿದ್ದಳು.

"ಅಲಸಂದೆ ತಿನ್ನೋಳೇ," ಅಂದಳು ಸಿತಾನ್ ಆ ಹೊದಿಕೆಯನ್ನೇ ನೋಡುತ್ತ, "ನಿನ್ನ ರಾಶಿ ನೋಡಿ ನನ್ನ ಹೊಟ್ಟೆ ಉರಿದುಹೋಯ್ತು ಕಣೇ. ಸುಳ್ಳು ಹೇಳಲ್ಲ. ಹೆಂಗೆ ಮಾಡ್ದೆ? ನಂಗೂ ಹೇಳ್ಕೊಡು."

ನಾಲಿಗೆ ತುದಿಯ ತನಕ ಬಂತು. ನಿಜವಾಗಿ ಬಂತು. ಹೊದಿಕೆ ಎಳೆದುಬಿಟ್ಟಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಹೆಂಗಸರ ಮಾತಿಗೆ ಹೆದರಿ ಸುಮ್ಮನಾದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಒನಕೆ ಎಸೆದು ಚಪ್ಪಾಳೆ ತಟ್ಟುವ ಸಿತಾನ್, ಹುಡುಗರು ಕತ್ತೆ ಕಟ್ಟುವ ನೆಪದಲ್ಲಿ ನೋಡುವ ಸಿತಾನ್, ಜೀವಮಾನದಲ್ಲಿ ಒಂದೇ ಸಲ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದಳು. ಅದು ನನಗೆ ಹಿತವಾಗಿತ್ತು. ಇನ್ನೊಂದಿಷ್ಟು ದಿನ ಇರಲಿ ಅನ್ನಿಸಿತು.

"ಕಷ್ಟಪಟ್ಟೆ," ಅಂದೆ.

"ನಾನು ಪಡ್ಲಿಲ್ವಾ?" ಅಂದಳು. ಆಮೇಲೆ ನಕ್ಕು, "ಬರ್ತೀನಿ ನನ್ನ ಆಳೇ, ಚೆನ್ನಾಗಿರು," ಅಂತ ಹೊರಟಳು. ಟ್ರಕ್ಕಿನ ಸದ್ದು ಕೇಳಿಸಿತು. ನಾನು ಗೋರಂಟಿ ಒಣಗುವುದನ್ನು ನೋಡುತ್ತ ಕೂತೆ.

ಅವಳು ವಾಪಸ್ಸು ಬಂದದ್ದು ಎರಡು ವರ್ಷಕ್ಕೆ. ಹಬ್ಬದ ಮುಂಚಿನ ದಿನ ಯಜಮಾನಿಯ ಮನೆಗೆ ನೆಂಟರು ತುಂಬಿದ್ದರಂತೆ. ಬೆನ್ನಿಗೆ ಕೂಸು ಕಟ್ಟಿಕೊಂಡೇ ಮೀನು ಕರಿಯುತ್ತಿದ್ದಳು. ಕೂಸು ಹಿಂದಕ್ಕೆ ಜಗ್ಗಿತು, ಬಾಣಲೆ ವಾಲಿತು. ಕೂಸಿಗೆ ತಾಗಬಾರದು ಅಂತ ಬಲಗೈ ಅಡ್ಡ ಕೊಟ್ಟಳು. ಯಜಮಾನಿ ಮೊದಲು ಕೂಸನ್ನು ಬಿಚ್ಚಿ ತಿರುಗಿಸಿ ಮುರುಗಿಸಿ ನೋಡಿ, ಏನೂ ಆಗಿಲ್ಲ ಅಂತ ದೇವರನ್ನು ನೆನೆದು, ಆಮೇಲೆ ಸಿತಾನಳ ಕೈಗೆ ಹಲ್ಲುಜ್ಜುವ ಪೇಸ್ಟು ಬಳಿದಳು. ಆಸ್ಪತ್ರೆಯ ಮಾತೇ ಇಲ್ಲ. ಎಡಗೈಯಲ್ಲಿ ಎಷ್ಟಾಗುತ್ತದೋ ಅಷ್ಟು ಕೆಲಸ ಮಾಡಿಸಿಕೊಂಡು ಒಂದು ವರ್ಷ ಇಟ್ಟುಕೊಂಡಳು. ಗಾಯ ಮಾಯಿತು, ನಾಲ್ಕು ಬೆರಳು ಒಂದಕ್ಕೊಂದು ಅಂಟಿಕೊಂಡೇ ಮಾಯಿತು.

ಟ್ರಕ್ಕಿನಿಂದ ಇಳಿದಾಗ ತಲೆಯ ಮೇಲೆ ಹದಿನಾರು ಬೋಗುಣಿ ಇತ್ತು. ನಲವತ್ತೈದು ಮಾಡಿಕೊಂಡೇ ಬಂದಿದ್ದಳು.

ಸುಂಗಾಲೊನ ಅವ್ವ ನೋಡಲು ಬಂದಳು, ಬೋಗುಣಿ ನೋಡಲಿಲ್ಲ, ಕೈ ನೋಡಿದಳು. "ಪಾಪ ಮಗಾ," ಅಂದಳು, "ಒನಕೆ ಹೆಂಗೆ ಹಿಡೀತೀಯ?" ಅಷ್ಟೇ. ಮುಂದಿನ ವಾರ ಅವರ ಕೋಲಾ ಕಾಯಿ ಬೇರೆ ಮನೆಗೆ ಹೋಯಿತು. ಸುಂಗಾಲೊ ಎರಡು ದಿನ ಊಟ ಬಿಟ್ಟ, ಮೂರನೆಯ ದಿನ ತಿಂದ, ಮಳೆ ಬರುವ ಮುನ್ನ ಮದುವೆಯಾದ. ಅವನನ್ನು ಬೈದು ಪ್ರಯೋಜನವಿಲ್ಲ, ಆದರೂ ನಾನು ಬೈಯುತ್ತೇನೆ. ಆ ಮದುವೆಯಲ್ಲಿ ಹೆಣ್ಣಿನ ರಾಶಿ ಐವತ್ತು ದಾಟಿತು. ಯಾರ ಬೋಗುಣಿಗಳು ಹೋಗಿದ್ದವು ಅಂತ ಬೇರೆ ಹೇಳಬೇಕಾಗಿಲ್ಲ.

ಸಿತಾನ್ ಅಲಸಂದೆ ವಡೆ ಕರಿದು ಮಾರತೊಡಗಿದಳು, ಟ್ರಕ್ಕು ನಿಲ್ಲುವ ಜಾಗದಲ್ಲಿ. ಎಣ್ಣೆಯ ಬಾಣಲೆಯ ಮುಂದೆ ಮತ್ತೆ ಹೇಗೆ ಕೂರುತ್ತೀಯೇ ಅಂದರೆ, "ಅದಕ್ಕೆ ಬೇಕಾದ್ದು ಅದು ತಗೊಂಡಾಯ್ತಲ್ಲ, ಇನ್ನೇನು ಕೇಳುತ್ತೆ?" ಅನ್ನುತ್ತಿದ್ದಳು. ಎಡಗೈಯಲ್ಲೇ ಒನಕೆ ಹಿಡಿಯುವುದನ್ನೂ ಕಲಿತಳು. ಎಸೆದು ಚಪ್ಪಾಳೆ ತಟ್ಟುವುದು ಮಾತ್ರ ಇಲ್ಲ. ಮದುವೆಯಾಗದವಳಾದ್ದರಿಂದ ಹೆಂಗಸರು ಆ ಗುಟ್ಟನ್ನು ಅವಳಿಗೆ ಹೇಳಲೇ ಇಲ್ಲ. ಊರಿನಲ್ಲಿ ಅದು ಗೊತ್ತಿಲ್ಲದ ದೊಡ್ಡ ಹೆಂಗಸು ಅವಳೊಬ್ಬಳೇ.

ಹೀಗೆ ಆರು ವರ್ಷ. ಒಂದು ದಿನ ಮಳೆಗೆ ಅವರ ಒಳಗಿನ ಕೋಣೆಯ ಗೋಡೆ ಕುಸಿಯಿತು. ಬೋಗುಣಿಗಳನ್ನು ಹೊರಗಿಡಲು ಸಿತಾನ್ ಒಳಗೆ ಹೋದರೆ ಅಲ್ಲಿ ಇದ್ದದ್ದು ಹನ್ನೊಂದು.

"ಅವ್ವಾ, ಕಳ್ಳತನ ಆಗಿದೆ!"

"ಕಳ್ಳತನಾನೂ ಇಲ್ಲ, ಏನೂ ಇಲ್ಲ," ಅಂದಳು ಸಾನಾಬಾ ಮಣ್ಣು ಬಾಚುತ್ತ. ವಯಸ್ಸಾಗಿತ್ತು, ಗುಟ್ಟು ಇಟ್ಟುಕೊಂಡು ಅವಳಿಗೂ ಸಾಕಾಗಿತ್ತು. "ಕಮ್ಮಾರರ ಹುಡುಗಿ ಮದುವೆಗೆ ಹೋಗಿವೆ. ಬರ್ತಾವೆ. ಯಾವಾಗ್ಲೂ ಹೋಗ್ತಾವೆ, ಬರ್ತಾವೆ."

"ಯಾವಾಗ್ಲೂ ಅಂದ್ರೆ?"

"ಮೊದ್ಲಿಂದ. ಕಾನಿ ಮದುವೆಗೂ ಕೊಟ್ಟಿರ್ಲಿಲ್ವಾ?"

ಅವಳು ಮಳೆಯಲ್ಲೇ ನಮ್ಮ ಮನೆಗೆ ಬಂದಳು. ನಾನು ಕೂಸಿಗೆ ಹಾಲು ಕೊಡುತ್ತಿದ್ದೆ. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಹಂಗಿಸಲಿಲ್ಲ.

"ನಿನ್ನ ರಾಶೀಲಿ ನನ್ನವು ಇದ್ವಾ?"

"ಇದ್ವು."

"ಎಷ್ಟು?"

"ಹದಿನೆಂಟು."

"ನಿಂಗೆ ಯಾವಾಗ ಗೊತ್ತಾಯ್ತು?"

ಆಮೇಲೆ ಗೊತ್ತಾಯ್ತು ಅನ್ನಬಹುದಿತ್ತು. ಅವಳ ಮುಖ ನೋಡಿ ಸುಳ್ಳು ಬರಲಿಲ್ಲ. "ನೀನು ಹೊರಡೋಕೆ ಮುಂಚೆ," ಅಂದೆ.

ಅವಳು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡು ಹೊರಟುಹೋದಳು.

ಕಮ್ಮಾರರ ಮನೆಯಿಂದ ಬೋಗುಣಿಗಳು ವಾಪಸ್ಸು ಬಂದ ದಿನ ಅವಳು ಅಂಗಳದಲ್ಲಿ ನಲವತ್ತೈದನ್ನೂ ಬೋರಲು ಹಾಕಿದಳು. ಅಂಟಿದ ಬೆರಳುಗಳಿಗೂ ಹೆಬ್ಬೆರಳಿಗೂ ನಡುವೆ ಮೊಳೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಕಲ್ಲು ಹಿಡಿದು, ಒಂದೊಂದರ ಅಡಿಗೂ, ಮೂರು ಚುಕ್ಕೆಗಳ ನಡುವೆ, ತೂತು ಹೊಡೆದಳು. ಠಣ್ ಠಣ್ ಸದ್ದು ಊರಿಗೆಲ್ಲ ಕೇಳಿತು. ಹೆಂಗಸರು ಓಡಿ ಬಂದರು. "ಹುಚ್ಚು ಹಿಡೀತು ಇವಳಿಗೆ," ಅಂದರು. "ನಿನ್ನ ದುಡಿಮೆ ಕಣೇ ಅದು," ಅಂತ ಅತ್ತರು. ಸಾನಾಬಾ ನೆಲಕ್ಕೆ ಬಿದ್ದು ಹೊರಳಾಡಿದಳು. ಸಿತಾನ್ ತಲೆ ಎತ್ತಲಿಲ್ಲ. ಕೊನೆಯದಕ್ಕೂ ಹೊಡೆದು ಮೊಳೆಯನ್ನು ಬಾವಿಗೆ ಎಸೆದಳು.

ಇನ್ನು ಯಾರೂ ಕೇಳಲು ಬರುವುದಿಲ್ಲ ಅಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡೆ. ಒಂದು ತಿಂಗಳೂ ಕಳೆಯಲಿಲ್ಲ, ಇಮಾಮರ ಮನೆಯವಳು ಮಗಳ ಮದುವೆಗೆ ಕೇಳಿಕೊಂಡು ಬಂದಳು.

"ತೂತಾಗಿವೆಯಲ್ಲಮ್ಮಾ," ಅಂದಳಂತೆ ಸಾನಾಬಾ.

"ಆದ್ರೇನು? ನಾವೇನು ನೀರು ಹಾಕ್ತೀವಾ?"

ಹೋದವು. ರಾಶಿ ಎತ್ತರವಾಯಿತು, ಮುದುಕಿ ಎಣಿಸಿದಳು, ಊರು ಹೋ ಅಂದಿತು. ಆ ದಿನ ಸಿತಾನ್ ವಡೆ ಕರಿಯುತ್ತ ನಕ್ಕಳು ನೋಡಿ, ತನಗಿಂತ ತನ್ನ ಬೋಗುಣಿಗಳೇ ವಾಸಿ, ಅವಕ್ಕೆ ತೂತಾದರೂ ಮದುವೆಯಾಗುತ್ತದೆ ಅಂತ.

ನಾನು ಅವಳ ಕಾಲು ಹಿಡಿಯಲು ಹೋದೆ. ನಮ್ಮ ಕಟ್ಟಿನ ಪ್ರಕಾರ ತ್ರಾವೊರೆಯವಳು ಬಂದು ಕ್ಷಮಿಸು ಅಂದರೆ ಜಾರಾದವಳು ಇಲ್ಲ ಅನ್ನುವ ಹಾಗಿಲ್ಲ. ಅದು ನನಗೆ ಗೊತ್ತಿದ್ದೇ ಹೋದೆ, ಅಷ್ಟು ಹೇಡಿ ನಾನು. ಅವಳು, "ಅಲಸಂದೆ ತಿನ್ನೋರಿಗೆ ಬುದ್ಧಿ ಎಲ್ಲಿಂದ ಬರ್ಬೇಕು, ಹೋಗು, ಕ್ಷಮಿಸ್ದೆ," ಅಂದಳು. ಹೇಳಬೇಕಾದ ಮಾತನ್ನು ಹೇಳಬೇಕಾದ ಹಾಗೆಯೇ ಹೇಳಿದಳು. ಅದರಲ್ಲಿ ಅವಳು ಇರಲಿಲ್ಲ. ಆ ದಿನ ಉಗಿದು ಕಳಿಸಿದ್ದರೆ ನಾನು ಇಷ್ಟು ವರ್ಷ ಸ್ವಲ್ಪ ನಿದ್ದೆಯಾದರೂ ಮಾಡುತ್ತಿದ್ದೆ.

ಹೋದ ವರ್ಷ ನನ್ನ ಮಗಳು ನ್ಯೆಲೆಗೆ ಹದಿಮೂರು ತುಂಬಿತು. ಒಂದು ಮದುವೆ ನೋಡಿ ಬಂದು, "ಅವ್ವಾ, ಅವಳದು ಐವತ್ತೆರಡು. ನಾನೂ ಹೋಗ್ತೀನಿ," ಅಂದಳು. ಆ ಬೋಗುಣಿಗಳು ವಾಪಸ್ಸು ಬರುವ ತನಕ ಕಾದು, ನಾನು ಹೆಂಗಸರ ಮಾತನ್ನೆಲ್ಲ ಗಾಳಿಗೆ ತೂರಿ ಅವಳನ್ನು ಕೈ ಹಿಡಿದು ಸಿತಾನಳ ಅಂಗಳಕ್ಕೆ ಎಳೆದುಕೊಂಡು ಹೋದೆ. ಎಲ್ಲವನ್ನೂ ಹೇಳಿದೆ, ನನ್ನದನ್ನೂ ಸೇರಿಸಿ. ಸಿತಾನ್ ಒಂದು ಬೋಗುಣಿಯನ್ನು ಹುಡುಗಿಯ ಕೈಗೆ ಕೊಟ್ಟಳು.

"ಬಾವಿಗೆ ಹೋಗಿ ಇದ್ರಲ್ಲಿ ನೀರು ತಾ ಮಗಾ."

ನ್ಯೆಲೆ ತುಂಬಿಸಿಕೊಂಡು ತಲೆಯ ಮೇಲಿಟ್ಟು ಬಂದಳು. ಸಿಂಬಿ ತೊಯ್ದು, ಕೂದಲು ತೊಯ್ದು, ಮುಖದ ಮೇಲೆಲ್ಲ ನೀರು ಇಳಿದು, ಅಂಗಳ ಮುಟ್ಟುವಷ್ಟರಲ್ಲಿ ಬೋಗುಣಿ ಖಾಲಿ.

"ನಿನ್ನ ಕಣ್ಣು ಕುಕ್ಕಿದ್ದು ಇದೇ," ಅಂದಳು ಸಿತಾನ್. "ಐವತ್ತೆರಡರಲ್ಲಿ ನಲವತ್ತೈದು ಇವು."

ಹುಡುಗಿ ಕೆನ್ನೆ ಒರೆಸಿಕೊಂಡು ತೂತಿನಲ್ಲಿ ಬೆರಳು ತೂರಿಸಿ ನೋಡಿದಳು. ಅರ್ಥವಾಯಿತು ಅಂತ ನನ್ನ ಜೀವ ತಣ್ಣಗಾಯಿತು. ಮನೆಗೆ ಬರುವ ದಾರಿಯಲ್ಲಿ ಅವಳು ಹೇಳಿದ್ದು ಇಷ್ಟು, "ಅವ್ವಾ, ನಾನು ತೂತಿಲ್ಲದ್ದು ತರ್ತೀನಿ."

ಬೈದೆ, ಹೊಡೆದೆ, ಅವಳಪ್ಪನಿಗೆ ಹೇಳಿದೆ. "ಎಲ್ಲರ ಮಕ್ಕಳೂ ಹೋಗ್ತಾರೆ, ಇವಳೊಬ್ಬಳನ್ನ ಬರಿಗೈಲಿ ಯಾರು ಮಾಡ್ಕೋತಾರೆ?" ಅಂದ. ಶುಕ್ರವಾರ ಟ್ರಕ್ಕು ಹೊರಟಿತು. ಸಿತಾನ್ ವಡೆ ಕಟ್ಟಿಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ. ಸೆರಗಿನ ಗಂಟಿನಿಂದ ಒಂದು ಉಗುರು ಬಣ್ಣದ ಸೀಸೆ ತೆಗೆದು ನ್ಯೆಲೆಯ ಕೈಗೆ ತುರುಕಿದಳು.

"ಗುರುತು ಹಾಕ್ಕೋ. ನನ್ನ ಹಾಗೆ ಅಡೀಲಿ ಹಾಕ್ಬೇಡ. ಹೊರಮೈ ಮೇಲೆ ಹಾಕು, ಹೂವಿನ ಪಕ್ಕ, ಎಲ್ಲರ ಕಣ್ಣಿಗೂ ಬೀಳೋ ಹಾಗೆ. ಆಗ ಯಾರೂ ತಗೊಂಡು ಹೋಗಿ ಇನ್ನೊಬ್ಬಳನ್ನ ಉರಿಸೋಕಾಗಲ್ಲ."

ಹೋದ ತಿಂಗಳು ಟ್ರಕ್ಕಿನವನ ಕೈಯಲ್ಲಿ ಮೊದಲ ಆರು ಬೋಗುಣಿ ಬಂದವು. ಸಿತಾನ್ ಹೇಳಿದ ಹಾಗೆಯೇ ಹೂವಿನ ಪಕ್ಕ ಕೆಂಪು ಚುಕ್ಕೆ, ಒಂದೊಂದರ ಮೇಲೂ ಒಂದು. ಟ್ರಕ್ಕಿನವನನ್ನು ಕೇಳಿದೆ, ಹುಡುಗಿ ಹೇಗಿದ್ದಾಳಪ್ಪ ಅಂತ. "ಯಾರು, ಬಿಂತುನಾ?" ಅಂದ. "ಚೆನ್ನಾಗಿದ್ದಾಳೆ."

ನಿನ್ನೆ ನೆರೆಮನೆಯ ಉಮು ಬೋಗುಣಿ ಕೇಳಿಕೊಂಡು ಬಂದಳು. ಗುರುವಾರ ಅವಳ ಮಗಳ ಮದುವೆ. ಬೋಗುಣಿಯ ಮೇಲಿನ ಚುಕ್ಕೆ ನೋಡಿ, "ಇದಕ್ಕೇನು, ಬ್ಲೇಡಲ್ಲಿ ಕೆರೆದ್ರೆ ಹೋಗುತ್ತೆ," ಅಂದಳು. ಇಲ್ಲ ಅನ್ನಲು ಬಾಯಿ ತೆರೆದೆ. ಇಲ್ಲ ಅಂದರೆ ನಾಳೆ ನ್ಯೆಲೆಯ ಮದುವೆಗೆ ನನಗೂ ಯಾರೂ ಕೊಡುವುದಿಲ್ಲ. ಯಾರೂ ಕೊಡದಿದ್ದರೆ ಅವಳ ರಾಶಿ ಮೇಲೇಳುವುದಿಲ್ಲ, ಅವಳು ಇನ್ನೊಂದು ವರ್ಷ, ಅದರ ಮೇಲೆ ಮತ್ತೊಂದು ವರ್ಷ ಆ ಊರಿನಲ್ಲೇ ಯಾರದೋ ಬಾಣಲೆಯ ಮುಂದೆ ನಿಲ್ಲಬೇಕು. ಕೊಟ್ಟರೆ ಉಮುವಿನ ಮಗಳ ರಾಶಿ ನೋಡಿ ಇನ್ಯಾವಳೋ ಹೊರಡುತ್ತಾಳೆ. ಆ ಇನ್ಯಾವಳೋ ನನ್ನ ಮಗಳಲ್ಲ. ಹೀಗೇ ಯೋಚಿಸಿದೆ, ಮುಚ್ಚಿಟ್ಟು ಏನು ಮಾಡಲಿ?

ಉಮು ಹೋದ ಮೇಲೆ ಅಂಗಳದಲ್ಲಿ ಕೂತು ಬ್ಲೇಡು ಹಿಡಿದು ಕೆರೆಯತೊಡಗಿದೆ. ಸುಲಭವಾಗಿ ಬರುತ್ತಿತ್ತು. ನಾಲ್ಕನೆಯ ಬೋಗುಣಿಯ ಹೊತ್ತಿಗೆ ಮುಂದೆ ನೆರಳು ಬಿತ್ತು. ಸಿತಾನ್ ಉಪ್ಪು ಕೇಳಲು ಬಂದಿದ್ದಳು. ನನ್ನ ಉಗುರಿನ ಸಂದಿನಲ್ಲೆಲ್ಲ ಕೆಂಪು ಪುಡಿ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ, ಹಂಗಿಸಲೂ ಇಲ್ಲ. ಕೆರೆದಿಟ್ಟಿದ್ದ ಒಂದು ಬೋಗುಣಿಯನ್ನು ಅಂಟಿದ ಬೆರಳುಗಳ ಮೇಲೆ ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿದಳು.

"ಚೆನ್ನಾಗಿ ಕೆರಿಯೇ," ಅಂದಳು. "ಹೂವಿನ ಅಂಚಲ್ಲಿ ಇನ್ನೂ ಉಳ್ಕೊಂಡಿದೆ."